183 ದಿನದ ಲೆಕ್ಕ

ಗಣತಿಗೆ ಬಂದ ಮಾಸ್ತರರು ಕಟ್ಟೆಯ ಮೇಲೆ ಕುಳಿತು ಕೇಳುತ್ತಾರೆ: "ನಿಮ್ಮ ಮನಿಯವರು ಏನು ಕೆಲಸ ಮಾಡ್ತಾರ್ರಿ ಯಜಮಾನ್ರ?" ಯಜಮಾನರ ಉತ್ತರ ಸಿದ್ಧವಾಗಿಯೇ ಇರುತ್ತದೆ: "ಅಕಿ ಏನೂ ಮಾಡಂಗಿಲ್ರಿ ಸರ, ಮನ್ಯಾಗ ಇರ್ತಾಳ್ರಿ." ಫೆಬ್ರವರಿ ತಿಂಗಳ ಆ ಹೊತ್ತಿನಲ್ಲಿ 'ಮನ್ಯಾಗ ಇರುವಾಕಿ' ನಾರಾಯಣಪುರ ಎಡದಂಡೆ ಕಾಲುವೆಯ ಬದಿಯ ಯಾರದೋ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿರುತ್ತಾಳೆ. ಮಾಸ್ತರರು ಇನ್ನೊಂದು ಪ್ರಶ್ನೆ ಕೇಳಿದರೆ ಅವಳು ದುಡಿಯುವವರ ಕಾಲಂಗೆ ಬರುತ್ತಾಳೆ. ಕೇಳದಿದ್ದರೆ ದುಡಿಯದವರ ಕಾಲಂಗೆ ಹೋಗುತ್ತಾಳೆ. ದೇಶದ ಉದ್ಯೋಗದ ಅಂಕಿ-ಅಂಶವೆಂಬ ದೊಡ್ಡ ಕಟ್ಟಡ ನಿಂತಿರುವುದು ಇಂಥ ಕಟ್ಟೆಗಳ ಮೇಲೆ ಆಡಿದ ಒಂದೆರಡು ಮಾತುಗಳ ಮೇಲೆಯೇ.

ಯಾದಗಿರಿ, ಶಹಾಪುರ, ಸುರಪುರದ ಕಡೆ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಮಕ್ಕಳ ಪಾಲಕರು ಪತ್ರಿಕೆಯಲ್ಲಿ 'ನಿರುದ್ಯೋಗ ಇಷ್ಟು ಇಳಿಯಿತು', 'ಇಷ್ಟು ಏರಿತು' ಎಂಬ ಸುದ್ದಿ ಓದುತ್ತಾರೆ. ಮಗನನ್ನು ಐಟಿಐಗೆ ಸೇರಿಸಬೇಕೋ ಡಿಗ್ರಿಗೋ, ಬೆಂಗಳೂರಿಗೆ ಕಳಿಸಬೇಕೋ ಎಂಬ ಮಾತು ಆ ಸುದ್ದಿಯ ಸುತ್ತಲೇ ನಡೆಯುವುದುಂಟು. ಆದರೆ ಆ ಅಂಕಿಯನ್ನು ಯಾರು, ಯಾವಾಗ, ಯಾವ ಪ್ರಶ್ನೆ ಕೇಳಿ ಪಡೆದರು ಎಂಬುದನ್ನು ವಿಚಾರಿಸುವವರು ಕಡಿಮೆ. ಥರ್ಮಾಮೀಟರನ್ನು ಕಂಕುಳಲ್ಲಿ ಇಟ್ಟಿದ್ದರೋ ಬಾಯಲ್ಲಿ ಇಟ್ಟಿದ್ದರೋ ಕೇಳದೆ ಜ್ವರದ ಮಟ್ಟ ಹೇಳಿದಂತೆ ಇದು.

ಮೊದಲು ಎಲ್ಲರಿಗೂ ಗೊತ್ತಿರುವ ದಾಖಲೆಯಿಂದ, ಅಂದರೆ ಉದ್ಯೋಗ ವಿನಿಮಯ ಕೇಂದ್ರದ ನೋಂದಣಿಯಿಂದ ಆರಂಭಿಸಬಹುದು. ಯಾದಗಿರಿ ಇನ್ನೂ ಗುಲ್ಬರ್ಗಾ ಜಿಲ್ಲೆಯ ತಾಲೂಕಾಗಿದ್ದ ಕಾಲದಲ್ಲಿ ಜಿಲ್ಲಾ ಕಚೇರಿ ಗುಲ್ಬರ್ಗಾದಲ್ಲಿತ್ತು. ಅಂಕಪಟ್ಟಿ ಕೈಗೆ ಬಂದ ಕೂಡಲೇ ಹೆಸರು ಬರೆಸಿ, ಕಾರ್ಡನ್ನು ಟ್ರಂಕಿನಲ್ಲಿ ಜೋಪಾನವಾಗಿಟ್ಟು, ನವೀಕರಣದ ತಾರೀಖು ತಪ್ಪದಂತೆ ಗೋಡೆಯ ಮೇಲೆ ಬರೆದಿಡುವುದು ಎಷ್ಟೋ ಮನೆಗಳ ರೂಢಿಯಾಗಿತ್ತು. ಕಚೇರಿಯಲ್ಲಿ ಹೀಗೆ ಬರೆಸಿದ ಹೆಸರುಗಳ ಪುಸ್ತಕಕ್ಕೆ 'ಲೈವ್ ರಿಜಿಸ್ಟರ್' ಎನ್ನುತ್ತಾರೆ. ಅದರಲ್ಲಿರುವ ಹೆಸರುಗಳ ಸಂಖ್ಯೆಯೇ ನಿರುದ್ಯೋಗಿಗಳ ಸಂಖ್ಯೆ ಎಂಬ ತಿಳಿವಳಿಕೆ ಈಗಲೂ ಹೋಗಿಲ್ಲ. ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಲೇ ಸರ್ಕಾರಿ ನೌಕರಿಗೆ ಕಾಯುವವರ ಹೆಸರು ಅದರಲ್ಲಿರುತ್ತದೆ. ಇನ್ನೂ ಕಾಲೇಜಿನಲ್ಲಿ ಓದುತ್ತಿರುವವರ ಹೆಸರೂ ಇರುತ್ತದೆ. ನಿಜವಾಗಿ ಕೆಲಸವಿಲ್ಲದೆ ಕುಳಿತ, ಆದರೆ ಜಿಲ್ಲಾ ಕಚೇರಿಯ ಮೆಟ್ಟಿಲು ಹತ್ತದ ಕೂಲಿಯವನ ಹೆಸರು ಮಾತ್ರ ಇರುವುದಿಲ್ಲ.

ಈ ಕೇಂದ್ರಗಳ ಹಿಂದೆ ಇದ್ದ ಕಾನೂನು 1959ರದು. ಜಾರಿಗೆ ಬಂದದ್ದು 1960ರ ಮೇ 1ರಂದು. ಖಾಲಿ ಹುದ್ದೆಗಳನ್ನು ಕೇಂದ್ರಕ್ಕೆ ಕಡ್ಡಾಯವಾಗಿ ತಿಳಿಸಬೇಕೆಂದು ಅದು ಹೇಳಿತ್ತು. ಸರ್ಕಾರಿ ಕಚೇರಿಗಳ ಜೊತೆಗೆ 25 ಅಥವಾ ಅದಕ್ಕಿಂತ ಹೆಚ್ಚು ಜನರನ್ನಿಟ್ಟುಕೊಂಡ ಖಾಸಗಿ ಸಂಸ್ಥೆಗಳಿಗೂ ಅದು ಅನ್ವಯಿಸುತ್ತಿತ್ತು. ಆದರೆ ಖಾಸಗಿಯವರ ಬೇಸಾಯದ ಕೆಲಸ, ಮನೆಗೆಲಸ, ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸ, ಇವನ್ನೆಲ್ಲ ಕಾನೂನೇ ಹೊರಗಿಟ್ಟಿತ್ತು. ಹತ್ತಿ, ತೊಗರಿ, ಭತ್ತ, ಮೆಣಸಿನಕಾಯಿ ಬೆಳೆಯುವ ಮೂರು ತಾಲೂಕುಗಳಲ್ಲಿ ಇಷ್ಟನ್ನು ಹೊರಗಿಟ್ಟರೆ ಉಳಿಯುವುದೇನು ಎಂದು ಪಾಲಕರೇ ಯೋಚಿಸಲಿ. ಅಲ್ಲದೆ 1996ರಲ್ಲಿ ಸುಪ್ರೀಂ ಕೋರ್ಟ್, ಕೇಂದ್ರ ಕಳಿಸಿದ ಹೆಸರುಗಳಷ್ಟನ್ನೇ ಪರಿಗಣಿಸುವುದು ಸಾಲದು, ಪತ್ರಿಕೆ ಮತ್ತಿತರ ಮಾಧ್ಯಮಗಳಲ್ಲಿ ಪ್ರಕಟಣೆ ಕೊಟ್ಟು ಬಂದವರೆಲ್ಲರ ಅರ್ಜಿಯನ್ನೂ ನೋಡಬೇಕು ಎಂದಿತು. ಅಂದಿನಿಂದ ಕಾರ್ಡಿನ ಹಿರಿತನಕ್ಕೆ ಮೊದಲಿನ ತೂಕ ಉಳಿಯಲಿಲ್ಲ. 2025ರ ನವೆಂಬರ್ 21ರಂದು ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಈ ಹಳೆಯ ಕಾನೂನು ಸೇರಿಹೋಯಿತು. ಸಂಹಿತೆ ಈ ಕೇಂದ್ರಗಳನ್ನು 'ವೃತ್ತಿ ಕೇಂದ್ರ' ಎಂದು ಕರೆಯುತ್ತದೆ. ಹೆಸರು ಬರೆಸುವುದರಿಂದ ನಷ್ಟವೇನೂ ಇಲ್ಲ, ಬರೆಸಲಿ. ಆದರೆ ಅದು ನೌಕರಿಯ ಸಾಲಿನಲ್ಲಿ ಹಿಡಿದಿಟ್ಟ ಜಾಗವಲ್ಲ.

ಹಾಗಾದರೆ ಪತ್ರಿಕೆಯಲ್ಲಿ ಬರುವ 'ನಿರುದ್ಯೋಗ ಪ್ರಮಾಣ' ಎಲ್ಲಿಯದು? ಅದು ಬರುವುದು ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ. 1950ರಲ್ಲಿ ಆರಂಭವಾದ ಈ ಸಮೀಕ್ಷೆ 1972-73ರಿಂದ ಸುಮಾರು ಐದೈದು ವರ್ಷಕ್ಕೊಮ್ಮೆ ಉದ್ಯೋಗದ ವಿಚಾರವನ್ನು ದೊಡ್ಡ ಪ್ರಮಾಣದಲ್ಲಿ ಕೇಳುತ್ತಿತ್ತು. 2017ರಿಂದ ಪ್ರತಿ ವರ್ಷ ಕೇಳುತ್ತಿದೆ. 2025ರಿಂದ ತಿಂಗಳ ಅಂಕಿಯೂ ಬರುತ್ತಿದೆ. ಇಲ್ಲಿ ಲೆಕ್ಕ ಹಾಕುವ ರೀತಿಯನ್ನು ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು, ಏಕೆಂದರೆ ಭಿನ್ನರಾಶಿಯ ಕೆಳಗಿನ ಸಂಖ್ಯೆಯಲ್ಲೇ ಗುಟ್ಟಿದೆ.

ಒಂದು ಊಹೆಯ ಊರು ಇರಲಿ. 15 ವರ್ಷ ದಾಟಿದವರು 100 ಜನ. ಅವರಲ್ಲಿ 50 ಜನ ಕೆಲಸ ಮಾಡುತ್ತಾರೆ, 5 ಜನ ಕೆಲಸ ಹುಡುಕುತ್ತಿದ್ದಾರೆ, ಉಳಿದ 45 ಜನ ಎರಡೂ ಅಲ್ಲ. ಅವರು ಓದುವವರು, ಮನೆ ನೋಡಿಕೊಳ್ಳುವವರು, ಮುದುಕರು. ನಿರುದ್ಯೋಗ ಪ್ರಮಾಣ ಎಷ್ಟು? ನೂರಕ್ಕೆ 5 ಎಂದು ಬರೆದರೆ ಉತ್ತರ ತಪ್ಪು. ಕೆಲಸ ಮಾಡುವವರು ಮತ್ತು ಹುಡುಕುವವರು ಸೇರಿದರೆ 55, ಅದು 'ಶ್ರಮಬಲ'. 5ನ್ನು 55ರಿಂದ ಭಾಗಿಸಿದರೆ ಶೇಕಡ 9.1. ಈಗ ಹುಡುಕುತ್ತಿದ್ದ 5 ಜನರಲ್ಲಿ 3 ಜನ ಸಾಕಾಗಿ ಹುಡುಕುವುದನ್ನು ಬಿಟ್ಟು ಮನೆ ಸೇರಿದರು ಎನ್ನೋಣ. ಅವರು ಶ್ರಮಬಲದಿಂದಲೇ ಹೊರಬಿದ್ದರು. ಉಳಿದದ್ದು 52ರಲ್ಲಿ 2, ಅಂದರೆ ಶೇಕಡ 3.8. ಊರಿನಲ್ಲಿ ಒಂದೇ ಒಂದು ಹೊಸ ಕೆಲಸ ಹುಟ್ಟಿಲ್ಲ, ನಿರುದ್ಯೋಗ ಮಾತ್ರ ಅರ್ಧಕ್ಕಿಂತ ಹೆಚ್ಚು ಇಳಿಯಿತು!

ಇದನ್ನೇ ಮತ್ತೊಂದು ದಿಕ್ಕಿನಿಂದ ನೋಡಬಹುದು. ಆ 45 ಜನರಲ್ಲಿ 15 ಹೆಣ್ಣುಮಕ್ಕಳು ತಮ್ಮ ಹೊಲದಲ್ಲೇ ಸಂಬಳವಿಲ್ಲದೆ ದುಡಿಯುತ್ತಿದ್ದರು, ಈ ಸಲ ಕೇಳಿದವರು ಅದನ್ನು ಕೆಲಸವೆಂದು ಬರೆದುಕೊಂಡರು ಎಂದುಕೊಳ್ಳಿ. ಕೆಲಸ ಮಾಡುವವರು 65, ಹುಡುಕುವವರು 5. ಪ್ರಮಾಣ 70ರಲ್ಲಿ 5, ಅಂದರೆ ಶೇಕಡ 7.1. ಮತ್ತೆ ಇಳಿಯಿತು, ಮತ್ತೆ ಹೊಸ ಕೆಲಸ ಹುಟ್ಟಿಲ್ಲ. ಆದ್ದರಿಂದ ನಿರುದ್ಯೋಗ ಪ್ರಮಾಣವೊಂದನ್ನೇ ಓದಿ ಸಂತೋಷಪಡುವುದೂ ಬೇಡ, ಎದೆ ಬಡಿದುಕೊಳ್ಳುವುದೂ ಬೇಡ. ಅದರ ಪಕ್ಕದಲ್ಲೇ ಶ್ರಮಬಲದ ಪ್ರಮಾಣವನ್ನು ಓದಬೇಕು. ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ಮೀರಿದ ಮಹಿಳೆಯರ ಪೈಕಿ ಶ್ರಮಬಲದಲ್ಲಿದ್ದವರು 2017-18ರಲ್ಲಿ ಶೇಕಡ 23.3 ಇದ್ದದ್ದು 2023-24ರಲ್ಲಿ 41.7ಕ್ಕೆ ಏರಿತು. ಏರಿದವರಲ್ಲಿ ಸಂಬಳದ ನೌಕರಿ ಸಿಕ್ಕವರೆಷ್ಟು, ಮನೆಯ ಹೊಲ-ಅಂಗಡಿಗಳಲ್ಲಿ ಕೈಜೋಡಿಸಿದವರೆಷ್ಟು ಎಂಬ ವಾದ ಅರ್ಥಶಾಸ್ತ್ರಜ್ಞರ ನಡುವೆ ನಡೆದೇ ಇದೆ.

ಇನ್ನೊಂದು ಗೊಂದಲವೂ ಉಂಟು. ಅದೇ 2023-24ರಲ್ಲಿ ದೇಶದ ನಿರುದ್ಯೋಗ ಶೇಕಡ 3.2 ಎಂದು ವರದಿ ಹೇಳಿತು. 2025ರ ಏಪ್ರಿಲಿನ ತಿಂಗಳ ವರದಿ 5.1 ಎಂದಿತು, ಮೇ ತಿಂಗಳದ್ದು 5.6. ಒಂದೇ ವರ್ಷದಲ್ಲಿ ದೇಶ ಮುಳುಗಿತೇ? ಇಲ್ಲ, ಅಳತೆಗೋಲು ಬೇರೆ. ಮೊದಲನೆಯದು ಹಿಂದಿನ 365 ದಿನಗಳನ್ನು ನೋಡುತ್ತದೆ. ವರ್ಷದಲ್ಲಿ ಹೆಚ್ಚು ಕಾಲ ಕೆಲಸವಿರದಿದ್ದರೂ 30 ದಿನ ಯಾವುದಾದರೂ ಕೆಲಸ ಮಾಡಿದ್ದರೆ ಅವರನ್ನು ದುಡಿಯುವವರಲ್ಲಿ ಸೇರಿಸುತ್ತದೆ. ಎರಡನೆಯದು ಹಿಂದಿನ 7 ದಿನಗಳನ್ನಷ್ಟೇ ನೋಡುತ್ತದೆ. ಆ ವಾರದಲ್ಲಿ ಯಾವುದಾದರೂ ದಿನ ಒಂದು ತಾಸು ದುಡಿದಿದ್ದರೂ ಉದ್ಯೋಗಿ. ವಾರದ ಅಳತೆಗೆ ಹಂಗಾಮು ಕಾಣುತ್ತದೆ, ವರ್ಷದ ಅಳತೆಗೆ ಕಾಣುವುದಿಲ್ಲ. ಸುರಪುರದ ಕೂಲಿ ಹೆಣ್ಣುಮಗಳನ್ನು ಹತ್ತಿ ಬಿಡಿಸುವ ನವೆಂಬರಿನಲ್ಲಿ ಕೇಳಿದರೆ ಉದ್ಯೋಗಿ. ಮೇ ತಿಂಗಳ ಬಿಸಿಲಿನಲ್ಲಿ ಕೇಳಿದರೆ? "ಕೆಲಸ ಸಿಕ್ಕರ ಹೋಗ್ತೀಯೇನವ್ವಾ?" ಎಂಬ ಪ್ರಶ್ನೆಗೆ "ಹೂಂರಿ" ಎಂದರೆ ನಿರುದ್ಯೋಗಿ, "ಈ ಬಿಸಲಾಗ ಎಲ್ಲೈತ್ರಿ ಕೆಲಸ" ಎಂದು ನಕ್ಕು ಸುಮ್ಮನಾದರೆ, ಕೇಳುವವರಿಗೆ ತಾಳ್ಮೆ ಇಲ್ಲದಿದ್ದರೆ, ಶ್ರಮಬಲದಿಂದಲೇ ಹೊರಗೆ.

ಈ ಸಮೀಕ್ಷೆಯ ಉತ್ತರಗಳಿಗೆಲ್ಲ ಸಂಕೇತ ಸಂಖ್ಯೆಗಳಿವೆ. ಸ್ವಂತ ಹೊಲ ಅಥವಾ ಅಂಗಡಿ ನಡೆಸುವವರಿಗೆ 11, ಮನೆಯ ಹೊಲ-ಅಂಗಡಿಯಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರಿಗೆ 21, ತಿಂಗಳ ಸಂಬಳದವರಿಗೆ 31, ದಿನಗೂಲಿಯವರಿಗೆ 51, ಕೆಲಸ ಹುಡುಕುವವರಿಗೆ 81, ವಿದ್ಯಾರ್ಥಿಗಳಿಗೆ 91, ಮನೆಗೆಲಸವಷ್ಟೇ ಮಾಡುವವರಿಗೆ 92. ಇನ್ನು 93 ಎಂಬುದೊಂದಿದೆ: ಮನೆಗೆಲಸದ ಜೊತೆಗೆ ಕಟ್ಟಿಗೆ, ಸೊಪ್ಪು, ದನದ ಮೇವು ತರುವವರು, ಮನೆಮಂದಿಗೆ ಬಟ್ಟೆ ಹೊಲಿಯುವವರು. ಇವರು ಬೆಳಗಿನಿಂದ ಸಂಜೆಯವರೆಗೆ ತಲೆಹೊರೆ ಹೊತ್ತರೂ ಶ್ರಮಬಲದಲ್ಲಿ ಇಲ್ಲ. 21 ಮತ್ತು 93ರ ನಡುವಿನ ಗೆರೆ ಕಾಗದದ ಮೇಲೆ ಸ್ಪಷ್ಟ, ಹೊಲದ ಬದುವಿನ ಮೇಲೆ ಅಷ್ಟು ಸ್ಪಷ್ಟವಲ್ಲ. ಮನೆಯ ಹೊಲದಲ್ಲಿ ಕಸ ತೆಗೆದು, ಬರುವಾಗ ಅದೇ ಕಸವನ್ನು ಎಮ್ಮೆಗೆ ಮೇವಾಗಿ ಹೊತ್ತು ತಂದವಳಿಗೆ ಯಾವ ಸಂಖ್ಯೆ?

ಜನಗಣತಿಯ ಕಥೆ ಇನ್ನೂ ಸ್ವಾರಸ್ಯದ್ದು. 1961ರ ಗಣತಿಯಲ್ಲಿ ದೇಶದ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 28 ಜನ ದುಡಿಯುವವರೆಂದು ದಾಖಲಾದರು. ಹತ್ತು ವರ್ಷ ಕಳೆದು 1971ರಲ್ಲಿ ನೋಡಿದರೆ ಸುಮಾರು 14! ಅರ್ಧದಷ್ಟು ಹೆಂಗಸರು ಹೊಲ ಬಿಟ್ಟು ಮನೆಗೆ ಹೋದರೇ? ಹಾಗೇನೂ ಆಗಿರಲಿಲ್ಲ. 1961ರಲ್ಲಿ ಹಂಗಾಮಿನ ಹೆಚ್ಚು ಭಾಗ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ನಿಯಮಿತವಾಗಿ ದುಡಿದರೂ ಕೆಲಸವೆನಿಸಿತ್ತು. 1971ರಲ್ಲಿ 'ನಿಮ್ಮ ಮುಖ್ಯ ಚಟುವಟಿಕೆ ಯಾವುದು?' ಎಂದು ಕೇಳಿದರು. ಅಡುಗೆ, ಮಕ್ಕಳು, ನೀರು ಎಂದು ಮನೆ ಮೊದಲು ನೆನಪಾಯಿತು, ಹೊಲ ಹಿಂದೆ ಬಿತ್ತು. 1981ರಲ್ಲಿ ಗಣತಿಯವರು ದುಡಿಯುವವರನ್ನು ಮುಖ್ಯ ಮತ್ತು ಅಲ್ಪಕಾಲಿಕ ಎಂದು ಎರಡು ಗುಂಪು ಮಾಡಿ ಸರಿಪಡಿಸಲು ನೋಡಿದರು. 1991ರಲ್ಲಿ ಪ್ರಶ್ನೆಯೊಳಗೇ 'ಹೊಲದಲ್ಲಿ ಅಥವಾ ಮನೆಯ ಉದ್ಯಮದಲ್ಲಿ ಸಂಬಳವಿಲ್ಲದೆ ಮಾಡಿದ ಕೆಲಸವೂ ಸೇರಿ' ಎಂಬರ್ಥದ ಮಾತು ಸೇರಿಸಿದರು. 2001ರಲ್ಲಿ ಇನ್ನೂ ಒಂದು ಹೆಜ್ಜೆ: ಮನೆಯ ಬಳಕೆಗಷ್ಟೇ ಹಾಲು ಕರೆದರೂ ಅದು ಕೆಲಸವೆಂದು ಎಣಿಕೆಗೆ ಬಂತು. ಎಮ್ಮೆ ಮಾತ್ರ ಮೊದಲಿನಂತೆಯೇ ಇತ್ತು.

2011ರ ಗಣತಿಯ ನಿಯಮ ಸರಳ. ವರ್ಷದಲ್ಲಿ ಆರು ತಿಂಗಳು, ಅಂದರೆ 183 ದಿನ ಅಥವಾ ಹೆಚ್ಚು ದುಡಿದವರು ಮುಖ್ಯ ದುಡಿಮೆಗಾರರು. ಕಡಿಮೆ ದುಡಿದವರು ಅಲ್ಪಕಾಲಿಕರು. ಒಂದು ದಿನವೂ ದುಡಿಯದವರು ದುಡಿಯದವರು. ದೇಶದ 48.17 ಕೋಟಿ ದುಡಿಯುವವರಲ್ಲಿ 11.93 ಕೋಟಿ ಜನ ಅಲ್ಪಕಾಲಿಕರಾಗಿದ್ದರು, ಅಂದರೆ ಸುಮಾರು ನಾಲ್ವರಲ್ಲಿ ಒಬ್ಬರು. ಕೂಲಿಕಾರರ ಸಂಖ್ಯೆ ರೈತರ ಸಂಖ್ಯೆಯನ್ನು ದಾಟಿದ್ದೂ ಆ ಗಣತಿಯಲ್ಲೇ: 14.43 ಕೋಟಿ ಕೃಷಿ ಕೂಲಿಗಳು, 11.88 ಕೋಟಿ ಸಾಗುವಳಿದಾರರು.

183ನ್ನು ಮನೆಯಲ್ಲಿ ಎಣಿಸುವುದು ಹೇಗೆ? ತಾರೀಖು ಕೇಳಿದರೆ ಹಿರಿಯರು ತಡವರಿಸುತ್ತಾರೆ, ಹಬ್ಬ ಹಿಡಿದು ಕೇಳಿದರೆ ಲೆಕ್ಕ ತಾನಾಗಿಯೇ ಬರುತ್ತದೆ. ಎರಡೆಕರೆ ಒಣಬೇಸಾಯದ ಮನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕಾರಹುಣ್ಣಿಮೆ ಕಳೆದು ಬೇರೆಯವರ ಹೊಲದಲ್ಲಿ ಬಿತ್ತನೆಗೆ ಹೋದದ್ದು 15 ದಿನ. ಪಂಚಮಿಯ ಹಿಂದೆ ಮುಂದೆ, ದಸರೆಯವರೆಗೆ ಕಸ ತೆಗೆದದ್ದು 50 ದಿನ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಬಿಟ್ಟು ಬಿಟ್ಟು ಹತ್ತಿ ಬಿಡಿಸಿದ್ದು 55 ದಿನ. ಎಳ್ಳಮಾವಾಸ್ಯೆಯ ಆಚೀಚೆ ತೊಗರಿ ಕೊಯ್ಲು, ರಾಶಿ ಎಂದು 20 ದಿನ. ಕೂಲಿಯ ಮೊತ್ತ 140 ದಿನವಾಯಿತು. ಇಷ್ಟಕ್ಕೇ ನಿಲ್ಲಿಸಿದರೆ ಆಕೆ ಅಲ್ಪಕಾಲಿಕಳು. ಆದರೆ ತಮ್ಮ ಎರಡೆಕರೆಯಲ್ಲಿ ಮಾಡಿದ ಕೆಲಸವನ್ನು ಯಾರೂ ಹೇಳುವುದಿಲ್ಲ, ಕೂಲಿ ಬಂದಿಲ್ಲವಲ್ಲ! ಅದು 45 ದಿನವಾದರೆ ಒಟ್ಟು 185. ಎರಡು ದಿನ ಹೆಚ್ಚಾಗಿಯೇ ಆಕೆ ಮುಖ್ಯ ದುಡಿಮೆಗಾರಳು. ಕಟ್ಟೆಯ ಮೇಲಿನ ಯಜಮಾನರ ಉತ್ತರದಲ್ಲಿ ಈ 185 ದಿನ ಸೊನ್ನೆಯಾಗಿತ್ತು.

ಇಂಥ ತಪ್ಪು ಒಂದು ಮನೆಯಲ್ಲಾದರೆ ಏನೂ ಆಗದು, ಊರಿಗೆ ಊರೇ ಹೀಗೆ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಈ ತಾಲೂಕುಗಳ ಇತಿಹಾಸವನ್ನೇ ನೋಡಬಹುದು. ಪ್ರಾದೇಶಿಕ ಅಸಮತೋಲನ ಅಳೆಯಲು ನೇಮಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕೃಷಿ, ಕೈಗಾರಿಕೆ, ಆರ್ಥಿಕ ಮತ್ತು ಸಾಮಾಜಿಕ ಸೌಕರ್ಯ, ಜನಸಂಖ್ಯೆಯ ಲಕ್ಷಣ ಎಂಬ ಐದು ವಿಭಾಗಗಳಲ್ಲಿ 35 ಸೂಚಕಗಳನ್ನು ಹಿಡಿದು, ಜಿಲ್ಲೆಯನ್ನಲ್ಲ, ತಾಲೂಕನ್ನು ಘಟಕವಾಗಿ ಇಟ್ಟುಕೊಂಡು ಅಳೆಯಿತು. ಹಿಂದುಳಿದ 114 ತಾಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ 39ರಲ್ಲಿ ಸೇರಿದವು. ಜಿಲ್ಲೆಯ ಸರಾಸರಿಯನ್ನಷ್ಟೇ ನೋಡಿದ್ದರೆ ಗುಲ್ಬರ್ಗಾ ಪಟ್ಟಣದ ಅಂಕಿಗಳ ನೆರಳಿನಲ್ಲಿ ಇವು ಮರೆಯಾಗುತ್ತಿದ್ದವು. ತಾಲೂಕು ಮಟ್ಟದ ಅಂಕಿ ಬರುವುದು ಹಳ್ಳಿಯ ಅಂಕಿಯಿಂದ, ಹಳ್ಳಿಯ ಅಂಕಿ ಮನೆಯ ಕಟ್ಟೆಯಿಂದ.

ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದು, ಈ ಭಾಗದ ಸ್ಥಳೀಯರಿಗೆ ಇಲ್ಲಿನ ಸರ್ಕಾರಿ ಹುದ್ದೆಗಳಲ್ಲಿ 'ಎ' ಮತ್ತು 'ಬಿ' ವರ್ಗಕ್ಕೆ ಶೇಕಡ 75, 'ಸಿ'ಗೆ 80, 'ಡಿ'ಗೆ 85ರ ಮೀಸಲಾತಿ ಬಂದದ್ದು ಪಾಲಕರಿಗೆಲ್ಲ ಗೊತ್ತು. ಇಲ್ಲಿಯೂ ಭಿನ್ನರಾಶಿಯ ಕೆಳಗಿನ ಸಂಖ್ಯೆಯನ್ನು ಮರೆಯಬಾರದು. ಶೇಕಡ 80 ಎಂದರೆ ತುಂಬಲು ಹೊರಟ ಹುದ್ದೆಗಳ ಶೇಕಡ 80. ಖಾಲಿ ಹುದ್ದೆ ಎಷ್ಟಿದ್ದರೂ ಪ್ರಕಟಣೆ ಹೊರಡದಿದ್ದರೆ ಅದು ಸೊನ್ನೆಯ ಶೇಕಡ 80. ಮಂಜೂರಾದ ಹುದ್ದೆ, ತುಂಬಿದ ಹುದ್ದೆ, ಖಾಲಿ ಹುದ್ದೆ ಎಂಬ ಮೂರು ಅಂಕಿಗಳು ಇಲಾಖೆಗಳಲ್ಲಿ ಇರುತ್ತವೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಕೇಳಿ ಪಡೆಯಬಹುದು.

ಅಂದಹಾಗೆ, ಯಾದಗಿರಿ ಜಿಲ್ಲೆಯ ಅಂಕಿ ಹುಡುಕುವ ವಿದ್ಯಾರ್ಥಿಗಳಿಗೆ ಒಂದೆರಡು ತೊಡಕುಗಳು ಎದುರಾಗುತ್ತವೆ. ಇಂಗ್ಲಿಷಿನ ಗಣತಿ ಪುಸ್ತಕಗಳಲ್ಲಿ ಸುರಪುರ ಎಂದು ಹುಡುಕಿದರೆ ಸಿಗದು, ಅಲ್ಲಿ ಅದು 'ಶೋರಾಪುರ'. 2001 ಮತ್ತು ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಮೂರು ತಾಲೂಕುಗಳೂ ಗುಲ್ಬರ್ಗಾ ಜಿಲ್ಲೆಯೊಳಗಿವೆ. ಜಿಲ್ಲೆ ಹುಟ್ಟಿದ್ದು 2009ರ ಡಿಸೆಂಬರ್ 30ರಂದು. 2011ರ ಗಣತಿಗಾಗಿ ದೇಶದ ಗಡಿಗಳನ್ನೆಲ್ಲ ಬದಲಾಯಿಸದಂತೆ ನಿಲ್ಲಿಸಿದ್ದು ಡಿಸೆಂಬರ್ 31ರಂದು. ಒಂದೆರಡು ದಿನ ತಡವಾಗಿದ್ದರೂ 2011ರ ಪುಸ್ತಕದಲ್ಲಿ ಯಾದಗಿರಿ ಎಂಬ ಜಿಲ್ಲೆಯೇ ಇರುತ್ತಿರಲಿಲ್ಲ. ಪ್ರತ್ಯೇಕ ಲೆಕ್ಕ ಸಿಕ್ಕಿದ್ದರಿಂದಲೇ ಜಿಲ್ಲೆಯ ಸಾಕ್ಷರತೆ ಶೇಕಡ 51.8, ರಾಜ್ಯದಲ್ಲೇ ಕೊನೆಯ ಸ್ಥಾನ, ಹೆಣ್ಣುಮಕ್ಕಳದು 41.4 ಎಂಬುದು ಎಲ್ಲರ ಕಣ್ಣಿಗೆ ಬಿತ್ತು. ಆಮೇಲೆ ಹುಣಸಗಿ, ವಡಗೇರಾ, ಗುರುಮಠಕಲ್ ಹೊಸ ತಾಲೂಕುಗಳಾದವು. ಹೊಸ ಗಣತಿಯ ಸುರಪುರವನ್ನು 2011ರ ಸುರಪುರದೊಡನೆ ಹೋಲಿಸುವಾಗ ಹುಣಸಗಿಯನ್ನು ಕೂಡಿಸಿಕೊಳ್ಳದಿದ್ದರೆ, ತಾಲೂಕಿನ ಜನ ಎಲ್ಲಿಗೋ ಓಡಿಹೋದಂತೆ ಕಾಣುತ್ತದೆ.

ತಾಲೂಕಿನ ವಿಚಾರ ಬಂದಾಗ ಮಾದರಿ ಸಮೀಕ್ಷೆಯ ಮಿತಿಯನ್ನೂ ಹೇಳಬೇಕು. ಸಾರಿನ ಉಪ್ಪು ನೋಡಲು ಒಂದು ಚಮಚ ಸಾಕು, ತಿರುವಿದ್ದರೆ. 2023-24ರಲ್ಲಿ ದೇಶದಾದ್ಯಂತ 1,01,957 ಮನೆಗಳನ್ನು ಕೇಳಿದರು. ಏಳುನೂರಕ್ಕೂ ಹೆಚ್ಚು ಜಿಲ್ಲೆಗಳಿಗೆ ಹಂಚಿದರೆ ಒಂದು ಜಿಲ್ಲೆಗೆ ಸರಾಸರಿ ನೂರೈವತ್ತು ಮನೆಗಳೂ ಬರುವುದಿಲ್ಲ. ದೇಶದ, ದೊಡ್ಡ ರಾಜ್ಯಗಳ ಲೆಕ್ಕಕ್ಕೆ ಅದು ಸಾಕು, ಒಂದು ತಾಲೂಕಿಗೆ ಏನೇನೂ ಸಾಲದು. 2025ರಿಂದ ಮನೆಗಳ ಸಂಖ್ಯೆಯನ್ನು ಸುಮಾರು 2.72 ಲಕ್ಷಕ್ಕೆ ಏರಿಸಿ, ಜಿಲ್ಲೆಯನ್ನೇ ಮಾದರಿ ಆರಿಸುವ ಮೂಲ ಘಟಕ ಮಾಡಿದ್ದಾರೆ. ಆದರೂ ಭಾಷಣದಲ್ಲಿ ಯಾರಾದರೂ 'ಶಹಾಪುರ ತಾಲೂಕಿನ ನಿರುದ್ಯೋಗ ಇಷ್ಟು' ಎಂದು ದಶಮಾಂಶ ಸಮೇತ ಹೇಳಿದರೆ, ಎಷ್ಟು ಮನೆ ಕೇಳಿದಿರಿ ಎಂದು ವಿಚಾರಿಸುವುದು ಒಳ್ಳೆಯದು. ಊರೂರಿನ ಲೆಕ್ಕ ಬೇಕಿದ್ದರೆ ಜನಗಣತಿಯೇ ಗತಿ. ಪ್ರತಿ ಹಳ್ಳಿಯ ಮುಖ್ಯ ಮತ್ತು ಅಲ್ಪಕಾಲಿಕ ದುಡಿಮೆಗಾರರು, ಅವರಲ್ಲಿ ಗಂಡು ಹೆಣ್ಣು, ಸಾಗುವಳಿದಾರರು, ಕೂಲಿಗಳು, ಗೃಹ ಕೈಗಾರಿಕೆಯವರು, ಇತರರು ಎಲ್ಲ ಅದರ ಪ್ರಾಥಮಿಕ ಸಾರದಲ್ಲಿ ಅಚ್ಚಾಗಿದೆ. ಹೈಸ್ಕೂಲಿನ ಹುಡುಗರು ತಮ್ಮ ಊರಿನ ಸಾಲನ್ನು ತೆಗೆದು, ದುಡಿಯುವ ಹೆಣ್ಣುಮಕ್ಕಳಲ್ಲಿ ಅಲ್ಪಕಾಲಿಕರ ಶೇಕಡಾವಾರು ಎಷ್ಟೆಂದು ಲೆಕ್ಕ ಹಾಕಿ, ಪಕ್ಕದ ಊರಿನೊಡನೆ ಹೋಲಿಸಬಹುದು. ಕಾಲುವೆ ನೀರಿನ ಊರಿಗೂ ಒಣಬೇಸಾಯದ ಊರಿಗೂ ವ್ಯತ್ಯಾಸ ಇದೆಯೋ ಇಲ್ಲವೋ ನೋಡಬಹುದು. ಗಣಿತದ ಪುಸ್ತಕದಲ್ಲಿ ಇಲ್ಲದ ಲೆಕ್ಕ ಇದು.

ಗುಳೆಯ ಲೆಕ್ಕ ಎಲ್ಲಕ್ಕಿಂತ ಕಠಿಣ. 2011ರ ಗಣತಿ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ತೊಗರಿ ರಾಶಿ ಮುಗಿದು, ಬೀಗ ಹಾಕಿ, ಮುದುಕರನ್ನು ಮನೆ ಕಾಯಲು ಬಿಟ್ಟು ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಜನ ಹೊರಟಿರುವ ಕಾಲ ಅದು. ಗಣತಿಯ ಅವಧಿ ಪೂರ್ತಿ ಊರಲ್ಲಿ ಇಲ್ಲದವರನ್ನು ಆ ಊರಿನಲ್ಲಿ ಬರೆಯುವಂತಿಲ್ಲ, ಇದ್ದಲ್ಲಿಯೇ ಬರೆಯಬೇಕು. ಬೆಂಗಳೂರಿನ ತಗಡಿನ ಶೆಡ್ಡಿಗೆ ಗಣತಿದಾರರು ಹೋದರೆ ಆ ದುಡಿಮೆ ಬೆಂಗಳೂರಿನದಾಗುತ್ತದೆ. ಹೋಗದಿದ್ದರೆ ಎಲ್ಲಿಯದೂ ಅಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ಮೇಸ್ತ್ರಿಯಿಂದ ಮೇಸ್ತ್ರಿಗೆ ಬದಲಾಗುವವರಿಗೆ 90 ದಿನ ದುಡಿಯುವುದಕ್ಕಿಂತ ದುಡಿದದ್ದನ್ನು ತೋರಿಸುವುದೇ ಕಷ್ಟ.

ಊರಲ್ಲೇ ಉಳಿದು ಕೆಲಸ ಕೇಳಿದವರ ದಾಖಲೆಯೂ ಹೀಗೆಯೇ. ಉದ್ಯೋಗ ಖಾತ್ರಿ ಕಾಯ್ದೆ 2006ರ ಫೆಬ್ರವರಿ 2ರಂದು ದೇಶದ ಮೊದಲ 200 ಜಿಲ್ಲೆಗಳಲ್ಲಿ ಆರಂಭವಾದಾಗ ಗುಲ್ಬರ್ಗಾ ಅವುಗಳಲ್ಲೊಂದು, ಹಾಗಾಗಿ ಈ ಮೂರು ತಾಲೂಕುಗಳೂ ಮೊದಲ ದಿನದಿಂದ ಅದರಲ್ಲಿದ್ದವು. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ, ಇಲ್ಲವಾದರೆ ನಿರುದ್ಯೋಗ ಭತ್ಯೆ ಎಂದು ಆ ಕಾಯ್ದೆ ಹೇಳಿತ್ತು. ಬಾಯಿಮಾತಿನಲ್ಲಿ "ಕೆಲಸ ಕೊಡ್ರಿ" ಎಂದು ಪಂಚಾಯಿತಿಗೆ ಹತ್ತು ಸಲ ಅಲೆದವರು 'ಕೆಲಸ ಕೇಳಿದವರು' ಎಂಬ ಅಂಕಿಯಲ್ಲಿ ಬರಲಿಲ್ಲ. ಅರ್ಜಿ ಕೊಟ್ಟು ತಾರೀಖು ಹಾಕಿದ ರಸೀದಿ ಪಡೆದವರಷ್ಟೇ ಬಂದರು. 2025ರ ಡಿಸೆಂಬರಿನಲ್ಲಿ ಅದರ ಜಾಗಕ್ಕೆ 125 ದಿನಗಳ ಹೊಸ ಕಾನೂನನ್ನು ಸಂಸತ್ತು ಅಂಗೀಕರಿಸಿತು. ಕಾನೂನು ಯಾವುದೇ ಇರಲಿ, ರಸೀದಿ ಇಲ್ಲದ ಬೇಡಿಕೆ ಯಾವ ಪುಸ್ತಕದಲ್ಲೂ ಕಾಣದು.

2027ರ ಜನಗಣತಿಗೆ ಆ ವರ್ಷದ ಮಾರ್ಚ್ 1ನ್ನು ಉಲ್ಲೇಖ ದಿನವೆಂದು ಸರ್ಕಾರ 2025ರ ಜೂನಿನಲ್ಲಿ ಪ್ರಕಟಿಸಿತು. ಮನೆಯವರೇ ಮೊಬೈಲ್ ಅಥವಾ ಕಂಪ್ಯೂಟರಿನಲ್ಲಿ ವಿವರ ತುಂಬಲು ಈ ಸಲ ಅವಕಾಶವಿದೆ. ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಓದು ಬರಹ ಬಾರದವರೆಂದು 2011ರಲ್ಲಿ ದಾಖಲಾದ ಜಿಲ್ಲೆಯಲ್ಲಿ ಆ ಕೆಲಸ ಎಂಟನೆಯ, ಹತ್ತನೆಯ ತರಗತಿಯ ಮಗನಿಗೋ ಮಗಳಿಗೋ ಬೀಳುತ್ತದೆ. ಅವ್ವನ ಹೆಸರಿನ ಮುಂದೆ 'ಮನೆಗೆಲಸ' ಎಂದು ಒತ್ತುವ ಮೊದಲು ಕಾರಹುಣ್ಣಿಮೆಯಿಂದ ಎಣಿಸತೊಡಗಿದರೆ ಹತ್ತು ನಿಮಿಷದ ಕೆಲಸ. ಆಯಿ ಎಮ್ಮೆ ಕರೆಯುತ್ತಾಳೋ, ಅದನ್ನೂ ಕೇಳಬೇಕು. ಹೆಚ್ಚಿಸಿ ಬರೆಯಬೇಕೆಂದಲ್ಲ, ಇದ್ದುದನ್ನು ಬಿಡಬಾರದು ಅಷ್ಟೇ.

ಮಕ್ಕಳು ತಮ್ಮ ಹೆಸರಿನ ಮುಂದೆ ಬರೆಯುವುದೂ ಸುಲಭವಲ್ಲ. ಪತ್ರಿಕೆಗಳಲ್ಲಿ ಬರುವ ನಿರುದ್ಯೋಗದ ಅಂಕಿ 15 ವರ್ಷ ಮೀರಿದವರದು. ಅದಕ್ಕಿಂತ ಚಿಕ್ಕವರು ಅದರಲ್ಲಿ ಇಲ್ಲವೇ ಇಲ್ಲ. 5ರಿಂದ 14 ವರ್ಷದ 1.01 ಕೋಟಿ ಮಕ್ಕಳು ದುಡಿಯುತ್ತಿದ್ದರೆಂದು 2011ರ ಗಣತಿ ಹೇಳಿತು. 14 ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು 2016ರ ತಿದ್ದುಪಡಿ ಹೇಳುತ್ತದೆ. ಶಾಲೆ ಮುಗಿದ ಮೇಲೆ ಮತ್ತು ರಜೆಯಲ್ಲಿ ಮನೆಯವರಿಗೆ ನೆರವಾಗುವುದು ಅದಕ್ಕೆ ಹೊರತು. ಹೆಸರು ಶಾಲೆಯಲ್ಲಿದ್ದರೆ ಗಣತಿಯಲ್ಲೂ ಸಮೀಕ್ಷೆಯಲ್ಲೂ ಸಾಮಾನ್ಯವಾಗಿ 'ವಿದ್ಯಾರ್ಥಿ' ಎಂದೇ ಬರೆಸುತ್ತಾರೆ. ಆದರೆ ಸರ್ಕಾರದ ಇನ್ನೊಂದು ದಾಖಲೆ ಪ್ರತಿ ಹಳ್ಳಿಯಲ್ಲೂ ಇದೆ. ಅದನ್ನು ಉದ್ಯೋಗದ ಅಂಕಿ-ಅಂಶವೆಂದು ಯಾರೂ ಕರೆಯುವುದಿಲ್ಲ. ಅದು ಶಾಲೆಯ ಹಾಜರಿ ಪುಸ್ತಕ. ಜುಲೈ ತಿಂಗಳ ಪುಟವನ್ನೂ ಹತ್ತಿ ಬಿಡಿಸುವ ನವೆಂಬರಿನ ಪುಟವನ್ನೂ ಅಕ್ಕಪಕ್ಕ ಇಟ್ಟು, ಏಳನೆಯ ತರಗತಿಯ ಹುಡುಗಿಯರ ಸಾಲಿನಲ್ಲಿ ಗೈರುಹಾಜರಿಯ ಗುರುತುಗಳನ್ನು ಎಣಿಸಿದರೆ ವ್ಯತ್ಯಾಸ ಎಷ್ಟೆಂದು ಯಾವ ಶಾಲೆಯವರು ಬೇಕಾದರೂ ನೋಡಿಕೊಳ್ಳಬಹುದು. ಪೋಷಕರ ಸಭೆಯ ದಿನ ಆ ಎರಡು ಪುಟಗಳನ್ನು ಮೇಜಿನ ಮೇಲೆ ತೆರೆದಿಡುವುದಕ್ಕೆ ಯಾವ ಸುತ್ತೋಲೆಯೂ ಬೇಕಾಗಿಲ್ಲ.